ಲಾಭ, ಎರಡು, ಮೂರು

ನೂರರ ತನಕ ಬರುತ್ತದೆ ತಸ್ಮಿಯಾಗೆ.
ಕಣ್ಣು ಮುಚ್ಚಿ, ಒಂದೇ ಉಸಿರಿಗೆ,
ಅಶೋಕ ರಸ್ತೆಯ ಗೇಟಿನಲ್ಲಿ ಗೂಡ್ಸು ಹೋದ ಹಾಗೆ
ಡಬ್ಬಿಯ ಹಿಂದೆ ಡಬ್ಬಿ.
ಅರವತ್ತೊಂಬತ್ತರ ಹತ್ತಿರ ಮಾತ್ರ ಸ್ವಲ್ಪ ತಡವರಿಕೆ.
ಅಂಗೈಯಲ್ಲಿ ಐದು ಹುಣಸೆ ಬೀಜ ಇಟ್ಟು
ಇವು ಎಷ್ಟು ಎಂದೆ.
ಬೀಜ ನೋಡಿದಳು. ನನ್ನ ನೋಡಿದಳು.
"ಬಾಳ ಅದಾವ್ರಿ ಮಿಸ್."

ತಪ್ಪೆನ್ನಲಾರೆ.
ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನಿಂದ ಬರುವ ಕೂಸು.
ಅಲ್ಲಿ ಯಾವುದೂ ಒಂದೊಂದಾಗಿ ಅರಳುವುದಿಲ್ಲ.
ಸುಡುಮರಳಿಗೆ ಅಕ್ಕಿ ಬಿದ್ದರೆ
ರೆಪ್ಪೆ ಬಡಿಯುವಷ್ಟರಲ್ಲಿ ಬಾಳ,
ಜರಡಿಯಿಂದ ಜಾರುವಾಗ ಬಾಳ,
ಹೊಗೆಯಂತೂ ಎಣಿಕೆಗೇ ಸಿಗದು.

ಅಂಗಡಿಯ ಜಬೀಉಲ್ಲಾ ಕೊಟ್ಟ ಮೊಟ್ಟೆ ತಟ್ಟೆ,
ಮೂವತ್ತು ಗುಂಡಿಯದು.
ಕತ್ತರಿಸಿದರೆ ಮೂರು ತುಂಡು:
ಮೇಲೆ ಐದು, ಕೆಳಗೆ ಐದು.
ಹೆಡ್ ಮೇಡಂ ಮೂಸಿ ನೋಡಿ
ಒಂದು ದಿನ ಬಿಸಿಲಿಗಿಡಿ ಎಂದರು. ಇಟ್ಟೆ.
ಗುಂಡಿಗೊಂದು ಮಂಡಕ್ಕಿ ಹಾಕಿ ಎಣಿಸೋಣ ಎಂಬುದು
ನನ್ನ ಮೊದಲ ಜಾಣತನ.
ಹತ್ತು ನಿಮಿಷಕ್ಕೆ ಇಡೀ ತರಗತಿ
ಸೊನ್ನೆ ಕಲಿತಿತ್ತು.
ಆಮೇಲೆ ಮತ್ತೆ ಹುಣಸೆ ಬೀಜ.

ಆರು ಅಂದರೆ ಏನು ಎಂದೆ.
ಒಲಿ ಆರೋದು, ಎಂದ ಅಂಜಿನಿ.
ಏಳು?
ಅವ್ವ ನಸುಕಿನಾಗ ಅಂತಾಳಲ್ರಿ, ಏಳು, ಏಳು.
ಹತ್ತು ಎನ್ನುವಷ್ಟರಲ್ಲಿ ಬೆಂಚು ಹತ್ತಿ ನಿಂತಿದ್ದ.
ನಗು ತಡೆದು ಬೋರ್ಡಿಗೆ ತಿರುಗಿದೆ.
ಆರಿದ ಒಲೆ, ಏಳು ಎಂಬ ದನಿ,
ಹೊಟ್ಟಿಗೆ ಹತ್ತುವ ಬೆಂಕಿ.
ಇವರ ಮನೆಯ ಬೆಳಗು
ಆಗಲೇ ಅಂಕಿಯಲ್ಲಿತ್ತು,
ನಾನು ಸೀಮೆಸುಣ್ಣ ಹಿಡಿಯುವ ಮೊದಲೇ.

ತಸ್ಮಿಯಾ ಗುಂಡಿ ಮುಟ್ಟಿ ಮುಟ್ಟಿ ಬೀಜ ಇಡುತ್ತಾಳೆ:
ಲಾಭ, ಎರಡು, ಮೂರು...
ಅವಳ ನಾನಿ ಸಂಜೆ ಸೇರಿನಲ್ಲಿ ಅಳೆದು
ಮಾರುವುದು ಹಾಗಂತೆ.
ಒಂದು ಅನ್ನು, ಎಂದು ತಿದ್ದಬೇಕು ನಾನು.
ತರಬೇತಿಯಲ್ಲಿ ಹೇಳಿದ್ದೂ ಅದೇ.
ನಾಲಿಗೆ ಏಳಲಿಲ್ಲ.
ಮಂಡಿಯಲ್ಲಿ ಜೋಳ ಅಳೆಯುತ್ತಿದ್ದ ನನ್ನಪ್ಪ
ಮೊದಲ ಕೊಳಗಕ್ಕೆ ಒಂದು ಎಂದವನಲ್ಲ.
ಲಾ...ಭ, ಎಂದು ಎಳೆದು, ರಾಗವಾಗಿ,
ಬೇರೆಯವರ ಚೀಲಕ್ಕೆ ಸುರಿಯುತ್ತಿದ್ದ.
ಮನೆಗೆ ಬಂದು ಅಂಗಿ ಕೊಡವಿದರೆ ಅಂಗಳಕ್ಕೆ
ನಾಲ್ಕೋ ಐದೋ ಕಾಳು.
ಕೋಳಿಗೆ.

ಮೊನ್ನೆ ಮೋಡದ ಮಧ್ಯಾಹ್ನ
ಏಳು ಬೀಜ ಇಟ್ಟು, ತಟ್ಟೆಯನ್ನು ಒಮ್ಮೆ ತೋರಿಸಿ
ಸೆರಗಿನಡಿ ಮುಚ್ಚಿದೆ,
ಬೆರಳಿಗೆ ಸಮಯವೇ ಸಿಗದ ಹಾಗೆ.
"ಏಳು," ಎಂದಳು.
ಹೆಂಗೆ ಗೊತ್ತಾಯಿತೇ?
ಮೇಲಿನ ಸಾಲು ತುಂಬಿದೆ, ಕೆಳಗೆ ಎರಡು
ಎನ್ನಬೇಕಿತ್ತು, ಪುಸ್ತಕದ ಪ್ರಕಾರ.
"ಮೂರು ಮಂದಿ ಇನ್ನೂ ಬಂದಿಲ್ರಿ.
ನಮ್ಮನ್ಯಾಗ ಹತ್ತು ಮಂದಿ.
ರಾತ್ರಿ ಚಾಪಿ ಮ್ಯಾಲೆ ಖಾಲಿ ಜಾಗ ನೋಡಿದ್ರ
ಎಷ್ಟು ಮಂದಿ ಭಟ್ಟ್ಯಾಗ ಅದಾರ ಗೊತ್ತಾಗ್ತೈತಿ.
ಎಣಸಾಕ ಯಾಕ ಬೇಕು?"

ಸೆರಗು ತೆಗೆದೆ.
ಬೀಜಕ್ಕಿಂತ ಆ ಮೂರು ಗುಂಡಿ
ಆಳವಾಗಿ ಕಂಡವು.
ಹನ್ನೊಂದು ವರ್ಷ ನಾನು
ಇದ್ದದ್ದನ್ನೇ ಎಣಿಸಲು ಕಲಿಸಿದ್ದೆ.

ಇವತ್ತು ಗಂಟೆ ಹೊಡೆಯುವ ಹೊತ್ತಿಗೆ
ತಟ್ಟೆ ಜೋಡಿಸುತ್ತಿದ್ದವಳು ಕೂಗಿದಳು:
"ಮಿಸ್! ಲಾಭಾನೇ ಇಲ್ಲ!"
ಎರಡರಿಂದ ಹತ್ತರ ತನಕ ಎಲ್ಲರೂ ಇದ್ದಾರೆ,
ಮೊದಲ ಗುಂಡಿ ಖಾಲಿ.
ಒಂಬತ್ತು, ಎಂದವು ನಾಲ್ಕಾರು ದನಿ,
ಯಾರೂ ಬೆರಳು ಮಡಚದೆ.
ಮೂಲೆಯಲ್ಲಿ ಅಂಜಿನಿ
ಬಾಯಿ ಮುಚ್ಚಿಕೊಂಡು
ಗಟ್ಟಿಯಾದದ್ದೇನನ್ನೋ
ನಿಧಾನ ಅಗಿಯುತ್ತಿದ್ದ.